ಬೀರುವಿನೊಳಗಿನ ಶಾಲು ಬಾಯಿಬಿಟ್ಟಾಗ

ಕಾಲೇಜು ಕಚೇರಿಯ ಕಬ್ಬಿಣದ ಬೀರು ತೆರೆದರೆ ನುಸಿಗುಳಿಗೆಯ ವಾಸನೆ. ಸನ್ಮಾನದ ಶಾಲು ಮಡಿಕೆ ಬಿಚ್ಚದೆಯೇ ಮಾತಿಗಿಳಿಯಿತು.

ಹೇಗಿದ್ದೀರಿ?

2020ರ ಮಾರ್ಚಿನಲ್ಲಿ ಮಲಗಿಸಿದ್ದು, ಎಬ್ಬಿಸಿಲ್ಲ. ಕೊರೊನಾ ಹೋಯಿತು, ಆನ್‌ಲೈನ್ ಉಪನ್ಯಾಸದ ಲಿಂಕು ಹೋಗಲಿಲ್ಲ. ಉಪನ್ಯಾಸಕ್ಕೆ ಬಂದ ಮೂವರು ಅತಿಥಿಗಳ ಹೆಗಲೇರಿದವನು ನಾನು. ಹೊದಿಸಿಕೊಂಡವರೇ ತಂದು ಕೊಡುತ್ತಿದ್ದರು, ಅವರ ಮನೆ ಬೀರುವೂ ತುಂಬಿತ್ತಲ್ಲ. ಈಗ ಇ-ಸರ್ಟಿಫಿಕೇಟಂತೆ! ಚಳಿಯಾದರೆ ಹೊದ್ದುಕೊಳ್ಳಲಿ, ನೋಡೋಣ.

ಉದ್ದಿನವಡೆಯ ಬಗ್ಗೆ ನಿಮ್ಮ ಅಭಿಪ್ರಾಯ?

ವಡೆಯಾ?

ಉಪನ್ಯಾಸದ ನಂತರ ಸ್ಟಾಫ್ ರೂಮಿನಲ್ಲಿ ಕೊಡುತ್ತಿದ್ದರಲ್ಲ. ಅದು ನಿಂತ ದಿನವೇ ಉನ್ನತ ಶಿಕ್ಷಣ ಕೆಟ್ಟಿತು ಎಂಬುದು ನನ್ನ ವಾದ.

ನನ್ನ ಅಂಚಿನ ಚಟ್ನಿ ಕಲೆ ನೋಡಿ, ಆಮೇಲೆ ವಾದ ಮಾಡಿ. ಸರ್ಟಿಫಿಕೇಟಿಗೆ ಬನ್ನಿ. ಅದರಲ್ಲಿ ಅತಿಥಿಯ ಹೆಸರೇ ತಪ್ಪಿರುತ್ತದೆ. ನಾನು ಯಾರ ಹೆಸರು ಕೆಡಿಸಿದ್ದೇನೆ?

ಕ್ಯಾಲಿಫೋರ್ನಿಯಾದ ಕನ್ನಡಿಗ ವಿಜ್ಞಾನಿ ರಾತ್ರಿ ಊಟ ಮುಗಿಸಿ ಕೂತರೆ ಬೀದರಿನಲ್ಲಿ ಬೆಳಿಗ್ಗೆ ಹತ್ತು ಗಂಟೆ. ಪ್ರಯಾಣಭತ್ಯೆಯೂ ಉಳಿಯಿತು. ಲಾಭವಲ್ಲವೇ?

ಪುಕ್ಕಟೆ ಜೂಮ್ ಎಂದರೆ 40 ನಿಮಿಷ. ಪ್ರಾರ್ಥನೆ, ಸ್ವಾಗತ, ಅಧ್ಯಕ್ಷರ ನಾಲ್ಕು ಮಾತು ಮುಗಿಯುವಾಗ ಉಳಿದದ್ದು ಹತ್ತು. ಅಷ್ಟರಲ್ಲಿ "ಎಲ್ಲರೂ ಕ್ಯಾಮೆರಾ ಆನ್ ಮಾಡಿ, ಸ್ಕ್ರೀನ್‌ಶಾಟ್!" ಕಾಲೇಜುಗಳ ಮಟ್ಟ ಅಳೆಯುವ ನಾಗರಭಾವಿಯ ನ್ಯಾಕ್ ಕಚೇರಿಗೆ ಸಾಕ್ಷಿ ಬೇಕಲ್ಲ. ಕ್ಲಿಕ್ಕಿಸಿದ ಮೇಲೆ ಪರದೆ ತುಂಬ ಕಪ್ಪು ಚೌಕ.

ಮೆಂಟರಿಂಗ್?

ಅದಕ್ಕೂ ಸರ್ಟಿಫಿಕೇಟ್ ಕೊಡುತ್ತಾರೆ.

ಅಲ್ಲ, ವಡೆ ತಿನ್ನುತ್ತಾ ಮಕ್ಕಳ ಜೊತೆ ಮಾತಾಡುತ್ತಿದ್ದರಲ್ಲ…

ವಡೆ ತಿನ್ನುತ್ತಿದ್ದವರು ಪ್ರಿನ್ಸಿಪಾಲರು. ಮಕ್ಕಳು ಹೊರಗೆ ನಿಂತಿರುತ್ತಿದ್ದರು. ಪ್ರಶ್ನೋತ್ತರದಲ್ಲಿ ಕೈ ಎತ್ತುತ್ತಿದ್ದವರು ಸದಾ ಅದೇ ಮೂವರು. ಒಂದು ಸಲ ಅತಿಥಿ ಗೇಟಿನ ಕಡೆ ನಡೆಯುವಾಗ ಕಡೇ ಬೆಂಚಿನ ಹುಡುಗಿಯೊಬ್ಬಳು ಹಿಂದೆ ಬಂದಳು. ಬೇವಿನ ಮರದವರೆಗೂ ಮಾತಿಲ್ಲ. ಅಲ್ಲಿ, "ಸಾರ್, ಎಂಎಸ್ಸಿ ಓದಬೇಕು, ಮನೇಲಿ ಮದುವೆ ಅಂತಿದಾರೆ" ಅಂದಳು. ಅತಿಥಿ ನಿಂತರು. ಬಸ್ಸು ಹೋಯಿತು. ಆಹ್ವಾನಪತ್ರಿಕೆಯ ಬೆನ್ನಿಗೆ ನಂಬರು ಬರೆದುಕೊಟ್ಟರು. ನಾನು ಅವರ ಹೆಗಲ ಮೇಲೇ ಇದ್ದೆ, ಸ್ವಾಮಿ. ಎಲ್ಲರೂ ನೋಡುವ ಚಾಟಿನಲ್ಲಿ ಅವಳು ಇದನ್ನು ಟೈಪ್ ಮಾಡಬೇಕಾ? ಹೋಸ್ಟ್ ಒಂದು ಗುಂಡಿ ಒತ್ತಿದರೆ ಅತಿಥಿಯೂ ಇಲ್ಲ, ಗೇಟೂ ಇಲ್ಲ. 2021ರ ಮಳೆಯಲ್ಲಿ ಸುಳ್ಯದ ಕಡೆ ರಸ್ತೆಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ಊರೆಲ್ಲ ನೋಡಿತು. ಅಂಥ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಬಂದರೆ ಕೊನೆಗೆ ಇವರು ಕೊಡುವುದು ಫೀಡ್‌ಬ್ಯಾಕ್ ಫಾರ್ಮು! ಥೂ.

ವಡೆಯ ಬಗ್ಗೆ ಇನ್ನೂ ಎರಡು ಪ್ರಶ್ನೆಗಳಿದ್ದವು. ಕೇಳಲಿಲ್ಲ.

ಆನ್‌ಲೈನಿನಲ್ಲಿ ಉಪನ್ಯಾಸ ಕೊಡುವ ಮೇಷ್ಟರೇ, ವಂದನಾರ್ಪಣೆ ಮುಗಿದ ಮೇಲೂ ಒಂದು ಹತ್ತು ನಿಮಿಷ ಲೈನಿನಲ್ಲೇ ಇರಿ. ಅಧ್ಯಕ್ಷರನ್ನು ಮೊದಲು ಕಳಿಸಿಬಿಡಿ.