ಕೂತು ತಿನ್ನುವ ಫೋನು

ಬೆಳಿಗ್ಗೆ ಎದ್ದಕೂಡಲೇ ಅಂಗೈ ನೋಡಿಕೊಳ್ಳುವ ಪದ್ಧತಿ ನಮ್ಮ ಕಾಕಾನಿಗೂ ಇದೆ. ಅಂಗೈಯಲ್ಲಿ ಫೋನಿರುತ್ತದೆ, ಅಷ್ಟೇ. ತೆಲಂಗಾಣದ ಮಕ್ತಲ್‌ನ ಹಳೇ ಮನೆಯ ಪಡಸಾಲೆಯಲ್ಲಿ, ಐದರ ನಸುಗತ್ತಲಲ್ಲಿ, ಕಣ್ಣು ಕಿರಿದು ಮಾಡಿ ಪರದೆಯ ಮೂಲೆಯ ಅಂಕಿ ಓದುತ್ತಾರೆ. ಆಮೇಲೆ ದೊಡ್ಡ ನಿಟ್ಟುಸಿರು: "ಆರು ಹೋದುವಲೇ!" ಒಮ್ಮೆ ಮನೆಯಲ್ಲಿ ಉಳಿದಿದ್ದ ನೆಂಟರೊಬ್ಬರು ಇದನ್ನು ಕೇಳಿ, ರಾತ್ರೋರಾತ್ರಿ ಯಾರದೋ ಕೊಟ್ಟಿಗೆಯ ಎಮ್ಮೆ ಹೋದುವೆಂದು ಗಾಬರಿಯಾಗಿ ಎದ್ದು ಕೂತಿದ್ದರು.

ಹೋದದ್ದು ಆರು ಪರ್ಸೆಂಟು. ಮಲಗುವಾಗ 84 ಇತ್ತು, ಏಳುವಾಗ 78.

ಕಾಕಾ ಕನ್ನಡ ಮಾಧ್ಯಮದ ಶಾಲೆಯಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು. ಹಾಜರಿ ಹಾಕುವ ಚಟ ಮಾತ್ರ ನಿವೃತ್ತಿಯಾಗಿಲ್ಲ. ಪೇಟೆಯಿಂದ ಹೊಸದೊಂದು ಹಾಜರಿ ಪುಸ್ತಕ ತಂದು ಸ್ಕೇಲಿಟ್ಟು ಗೆರೆ ಎಳೆದಿದ್ದಾರೆ: ತಾರೀಖು, ಮಲಗುವಾಗ, ಏಳುವಾಗ, ನಷ್ಟ, ಷರಾ. ನಷ್ಟ ಐದು ದಾಟಿದರೆ ಕೆಂಪು ಶಾಯಿ. ಷರಾ ಕಾಲಮ್ಮು ಓದಲು ನನಗೆ ಬಹಳ ಇಷ್ಟ. "ಕಾರಣ ತಿಳಿಯದು." "ಗುಡುಗು." "ಅಳಿಯ ಮುಟ್ಟಿದ್ದ." ಒಂದು ಕಡೆ, ದುಂಡು ಅಕ್ಷರದಲ್ಲಿ, "ಅಮಾವಾಸ್ಯೆ".

ಇಂಥವರೊಬ್ಬರು ನಿಮ್ಮ ಮನೆಯಲ್ಲೂ ಇದ್ದಾರೆ, ಇಲ್ಲವೆನ್ನಬೇಡಿ. ಮದುವೆ ಮಂಟಪಕ್ಕೆ ಹೋದರೆ ವಧೂವರರು ಕಾಣುವ ಕುರ್ಚಿ ಬಿಟ್ಟು ಪ್ಲಗ್ ಪಾಯಿಂಟ್ ಕಾಣುವ ಕುರ್ಚಿ ಹಿಡಿಯುತ್ತಾರೆ. "ಹೆಂಗಿದೀರಿ?" ಅಂದರೆ "ಅರವತ್ತೆರಡು" ಅನ್ನುತ್ತಾರೆ; ನಾವು ವಯಸ್ಸೆಂದುಕೊಳ್ಳುತ್ತೇವೆ. ಅವರಿಗೆ ಫೋನ್ ಮಾಡಿದರೆ ಹತ್ತುವುದಿಲ್ಲ. ಚಾರ್ಜ್ ಇಲ್ಲವೆಂದಲ್ಲ, ಚಾರ್ಜ್ ಇರಲಿ ಎಂದು.

ಕಾಕಾನ ತಕರಾರು ಬಳಸಿದಾಗ ಖರ್ಚಾಗುವುದರ ಬಗ್ಗೆ ಅಲ್ಲ. "ಮಾತಾಡಿದ್ರ ಇಳೀಲಿ, ಬ್ಯಾಡನ್ನಲ್ಲ. ದುಡದದ್ದು ಉಣ್ಲಿ. ರಾತ್ರಿ ಪೂರಾ ಬೋರಲಾಗಿ ಬಿದ್ದಿರ್ತದ, ಒಂದು ಕೆಲಸ ಇಲ್ಲ, ಆದ್ರೂ ಆರು ತಿಂತದ. ಇದಕ್ಕೇನಂತಾರ?" ಏನನ್ನುತ್ತಾರೆಂದು ಅವರೇ ಹೇಳುತ್ತಾರೆ: ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಈ ಗಾದೆಯನ್ನು ಅವರು ಮೂವತ್ತು ವರ್ಷ ಹಿಂದಿನ ಬೆಂಚಿನ ಹುಡುಗರಿಗೆ ಹೇಳಿದವರು. ಈಗ ಫೋನಿಗೆ ಹೇಳುತ್ತಾರೆ.

ಮೊದಲ ಉಪಾಯ ಆ್ಯಪ್ ಬಡಿಯುವುದು. ಬೆಲ್ಲದ ಮೇಲಿನ ನೊಣ ಓಡಿಸಿದ ಹಾಗೆ ತೋರುಬೆರಳಿನಿಂದ ಪರದೆಯ ಮೇಲೆ ಸಟಸಟನೆ ಒರೆಸಿ, ತೆರೆದಿದ್ದನ್ನೆಲ್ಲ ಆಚೆ ತಳ್ಳುತ್ತಾರೆ. ಹತ್ತು ನಿಮಿಷಕ್ಕೊಮ್ಮೆ. ಹಾಗೆ ತಳ್ಳಿದ್ದು ಮತ್ತೆ ಬುಡದಿಂದ ಏಳಬೇಕಾದಾಗ ಹೆಚ್ಚೇ ತಿನ್ನುತ್ತದೆ ಎಂದೆ. 2016ರಲ್ಲಿ ಗಿರಾಕಿಯೊಬ್ಬ ಆಪಲ್ ಕಂಪನಿಯ ಮುಖ್ಯಸ್ಥರಿಗೇ ಪತ್ರ ಹಾಕಿ, ನೀವು ಹೀಗೆ ಆ್ಯಪ್ ಮುಚ್ಚುತ್ತೀರಾ, ಬ್ಯಾಟರಿ ಉಳಿಸಲು ಅದು ಬೇಕಾ ಎಂದು ಕೇಳಿದ್ದ. ಸಾಫ್ಟ್‌ವೇರ್ ನೋಡಿಕೊಳ್ಳುವ ಕ್ರೇಗ್ ಫೆಡೆರಿಘಿ ಎರಡಕ್ಕೂ "ಇಲ್ಲ" ಎಂದು ಉತ್ತರ ಬರೆದಿದ್ದರು. ಕಾಕಾ ಸಮಾಧಾನದಿಂದ ಕೇಳಿ, "ಅವಂಗೇನು, ಕಂಪ್ನಿ ಫೋನು, ಕಂಪ್ನಿ ಕರೆಂಟು" ಎಂದು ಮತ್ತೆರಡು ನೊಣ ಹೊಡೆದರು.

ಎರಡನೆಯದು ಕಾವಲು. ಇಳಿಯುತ್ತಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಪರದೆ ಹೊತ್ತಿಸಿ ನೋಡುವುದು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಫೋನಿಗೆ ತಾನೇ ತೂಕಡಿಸುವ ಬುದ್ಧಿ ಬಂದಿದೆ. ಚಾರ್ಜರ್ ಕಿತ್ತು, ಅಲುಗಾಡಿಸದೆ, ಪರದೆ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಒಳಗಿನ ಆ್ಯಪುಗಳ ಓಡಾಟವನ್ನೆಲ್ಲ ತಡೆದು ಮಲಗುತ್ತದೆ. ನಡುನಡುವೆ ಒಂದಿಷ್ಟು ಎಚ್ಚರವಾಗಿ, ಎಲ್ಲರ ಕೆಲಸ ಒಟ್ಟಿಗೆ ಮುಗಿಸಿಕೊಟ್ಟು ಮತ್ತೆ ಮಲಗುತ್ತದೆ. ಬಿಟ್ಟರೆ ತಾನೇ? ಕಣ್ಣು ಹತ್ತುವಷ್ಟರಲ್ಲಿ ಕಾಕಾ ಎಬ್ಬಿಸುತ್ತಾರೆ. ನಾನು ಇದನ್ನು ವಿವರಿಸುತ್ತಿದ್ದಾಗ ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕು ತಟ್ಟುವುದು ನಿಲ್ಲಿಸಿ ಅಂದಳು: "ನನ್ನೂ ಹಿಂಗೇ ಮಾಡ್ತಾರಪಾ. ಎಬ್ಬಿಸಿ ಕೇಳ್ತಾರ, ನಿದ್ದಿ ಹತ್ಯಾದೇನು ಅಂತ."

ಮೂರನೆಯದು ಏಕಾದಶಿ. ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಿದರೆ ಬ್ಯಾಟರಿ ಗಟ್ಟಿಯಾಗುತ್ತದೆಂದು ಎಲ್ಲೋ ಕೇಳಿದ್ದಾರೆ. ಆದ್ದರಿಂದ ತಿಂಗಳಿಗೆರಡು ಸಲ, ತಮ್ಮ ಜೊತೆಗೇ, ಫೋನಿಗೂ ಉಪವಾಸ. ಮರುದಿನ ಬೆಳಿಗ್ಗೆ ಪಾರಣೆ. ಆ ನೇಮ ಹಳೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ಸರಿ, ಈಗಿನ ಲಿಥಿಯಂ ಬ್ಯಾಟರಿಗೆ ಉಪವಾಸವೂ ಆಗದು, ಕಂಠಪೂರ್ತಿ ಊಟವೂ ಆಗದು, ಇಪ್ಪತ್ತರಿಂದ ಎಂಬತ್ತರ ನಡುವೆ ಇದ್ದರೆ ಸುಖ ಎಂದೆ. ಮಾತು ತೂಕವಾಗಿರಲೆಂದು, ಈ ಬ್ಯಾಟರಿಗೆ 2019ರಲ್ಲಿ ನೊಬೆಲ್ ಬಂದದ್ದನ್ನೂ, ಪಡೆದ ಮೂವರಲ್ಲಿ ಒಬ್ಬರಾದ ಜಾನ್ ಗುಡ್‌ಇನಫ್‌ಗೆ ಆಗ 97 ವರ್ಷವಾಗಿದ್ದನ್ನೂ ಹೇಳಿದೆ.

"97? ಅವ್ನ ಬ್ಯಾಟರಿ ನೋಡು! ಈಗ ಎಷ್ಟದ?"

"2023ರಾಗ ಹೋದ್ರು ಕಾಕಾ. 100 ಆಗಿತ್ತು."

"ಅದಕ್ಕ, 100ಕ್ಕ ಒಯ್ಯಬಾರದಂತ ನೀನೇ ಹೇಳಿದೆಲ್ಲ" ಎಂದು ಎದ್ದು ಹೋದರು.

ನಾನು ಸೋಲೊಪ್ಪದೆ ಲೆಕ್ಕಕ್ಕಿಳಿದೆ. ಮಾಸ್ತರರಿಗೆ ಲೆಕ್ಕದಲ್ಲೇ ಹೇಳಬೇಕು. 5000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವ್ಯಾಟ್-ಗಂಟೆ. ಚಾರ್ಜರಿನಲ್ಲಿ ಸೋರುವುದನ್ನು ಸೇರಿಸಿದರೂ ಒಂದು ಯೂನಿಟ್ ಕರೆಂಟಿನಲ್ಲಿ ಹತ್ತಿರ ಹತ್ತಿರ ನಲವತ್ತು ಸಲ ತುಂಬಬಹುದು. ದಿನಾ ತುಂಬಿಸಿದರೂ ವರ್ಷಕ್ಕೆ ಒಂಬತ್ತು-ಹತ್ತು ಯೂನಿಟ್. ಗದ್ವಾಲದ ಹತ್ತಿರ ಜುರಾಲಾದ ಜಲವಿದ್ಯುತ್ ಕೇಂದ್ರ 234 ಮೆಗಾವ್ಯಾಟ್‌ನದು. ಎಲ್ಲ ಯಂತ್ರ ತಿರುಗಿದರೆ ಒಂದು ಸೆಕೆಂಡಿಗೆ 65 ಯೂನಿಟ್. ಅಂದರೆ ಕಾಕಾನ ಒಂದು ವರ್ಷದ ಫೋನು ಜುರಾಲಾಕ್ಕೆ ರೆಪ್ಪೆ ಬಡಿಯುವಷ್ಟು ಕೆಲಸ.

ಕಾಕಾ ಹಾಳೆ ಇಸಿದುಕೊಂಡು ಗುಣಾಕಾರ ತಪಾಸಣೆ ಮಾಡಿದರು. ಸರಿ ಗುರುತು ಹಾಕಿ ವಾಪಸು ಕೊಟ್ಟರು. ಆಮೇಲೆ: "ಡ್ಯಾಮು ಮಗ್ಗಲದಾಗ ಇರೂದು ಬ್ಯಾರೆ, ಮನ್ಯಾಗ ಕರೆಂಟ್ ಇರೂದು ಬ್ಯಾರೆ."

ಅಲ್ಲಿ ನಾನು ಸುಮ್ಮನಾದೆ. ಪಂಪಿಗೆ ಕರೆಂಟು ಸರದಿಯ ಮೇಲೆ, ಅದೂ ನಡುರಾತ್ರಿ ಬರುತ್ತಿದ್ದ ಕಾಲ ನನಗೂ ನೆನಪಿದೆ. ತೆಲಂಗಾಣದಲ್ಲಿ ಹೊಲಕ್ಕೆ ಇಪ್ಪತ್ನಾಲ್ಕು ತಾಸು ಕರೆಂಟು ಎಂದಾದದ್ದು 2018ರ ಜನವರಿಯಿಂದ. ಅದಕ್ಕೂ ಮುಂಚೆ ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಹೊಲಕ್ಕೆ ಹೋಗುವುದು ಮನೆಯ ಗಂಡಸರ ಪಾಳಿ. ಆ ಟಾರ್ಚಿನ ಸೆಲ್ಲುಗಳಲ್ಲಿ ಒಂದನ್ನು ಅಜ್ಜ ಬಳಸದಿದ್ದಾಗ ತಿರುವುಮುರುವು ಹಾಕಿಡುತ್ತಿದ್ದ, ಗುಂಡಿ ಅಕಸ್ಮಾತ್ ಒತ್ತಿದರೂ ಖರ್ಚಾಗಬಾರದೆಂದು. ರೇಡಿಯೋದ ಸೆಲ್ಲು ಬಳಲಿದರೆ ಮಾಳಿಗೆಯ ಬಿಸಿಲಿಗೆ, ಸಂಡಿಗೆಯ ಪಕ್ಕ, ಸಾಲಾಗಿ ಇಡುತ್ತಿದ್ದರು. ಸಂಜೆಗೆ ಒಂದಿಷ್ಟು ಜೀವ ಬಂದು ಪ್ರದೇಶ ಸಮಾಚಾರದಷ್ಟು ಹಾಡುತ್ತಿದ್ದವು. ಕಾಕಾ ಈ ವಿದ್ಯೆಯನ್ನು ಮರೆತಿರಲಿಲ್ಲ. ಮೇ ತಿಂಗಳಲ್ಲಿ ಒಂದು ದಿನ ಮೆಟ್ಟಿಲು ಹತ್ತಿ ಹೋದರೆ, ಹಪ್ಪಳದ ಹಾಸಿಗೆಯ ಅಂಚಿನಲ್ಲಿ ಫೋನು ಮಲಗಿತ್ತು. ಮುಟ್ಟಿದರೆ ರೊಟ್ಟಿ ಹಂಚು. ಲಿಥಿಯಂಗೆ ಬಿಸಿಲೇ ಯಮ ಎಂದು ಕೂಗಾಡಿ ಕೆಳಗೆ ತಂದೆ. ಮರುದಿನದಿಂದ ಅದನ್ನು ನೀರಿನ ಗಡಿಗೆಗೆ ಒರಗಿಸಿಡುವ ಪದ್ಧತಿ ಶುರುವಾಯಿತು.

ಗದ್ವಾಲದ ಸೀರೆಯ ಕಥೆ ಕಾಕುವಿನ ಬಾಯಲ್ಲೇ ಕೇಳಬೇಕು, ಆದರೆ ಅವಳು ಹೇಳುವಾಗ ಕಾಕಾ ಊರಲ್ಲಿರಬಾರದು. ಮಗಳನ್ನು ಕೊಟ್ಟದ್ದು ಗದ್ವಾಲಕ್ಕೆ. ಅಲ್ಲಿನ ಸೀರೆ ಗೊತ್ತಲ್ಲ: ಒಡಲು ಹತ್ತಿ, ಅಂಚು ಸೆರಗು ರೇಷ್ಮೆ, ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೂಡಿಸುತ್ತಾರೆ, ಮಡಿಚಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಯುತ್ತದೆಂಬ ಖ್ಯಾತಿ. ಕಾಕು ನಾರಾಯಣಪೇಟೆಯ ಮಗಳು. ತವರಿನ ಚೌಕಳಿ ಸೀರೆ ಬಿಟ್ಟು ಬೇರೆಯದಕ್ಕೆ ಸುಲಭವಾಗಿ ಒಪ್ಪುವವಳಲ್ಲ. ಹೇಗೋ ಒಪ್ಪಿದಳು. ಮಗಳು ಐದು ಸೀರೆಯ ಫೋಟೋ ಕಳಿಸಿದಳು.

ಫೋನು ಅತಿ ಉಳಿತಾಯದ ಸ್ಥಿತಿಯಲ್ಲಿತ್ತು. ಅಂದರೆ ಬೆಳಕು ತಳದಲ್ಲಿ, ಬಣ್ಣ ಪೂರ್ತಿ ಬಂದ್, ಎಲ್ಲವೂ ಕಪ್ಪು-ಬಿಳುಪು. (ಬಣ್ಣ ತೆಗೆದರೆ ಉಳಿಯುವುದು ಅಷ್ಟಕ್ಕಷ್ಟೇ. ಓಎಲ್‌ಇಡಿ ಪರದೆಯಲ್ಲಿ ದೀಪ ಪೂರ್ತಿ ಆರುವುದು ಕಪ್ಪು ಇರುವ ಕಡೆ ಮಾತ್ರ. ಬೂದಿ ಬಣ್ಣಕ್ಕೂ ದೀಪ ಉರಿಯಲೇಬೇಕು.)

"ಇದೇನ್ರೀ, ಐದಕ್ಕೈದೂ ಬೂದಿ ಬಡದಂಗ ಅದಾವ?"

"ಚಂದ ನೋಡು. ಡಿಸೈನ್ ನೋಡು, ಬಣ್ಣ ಏನ್ ಮಾಡ್ತಿ."

"ಬಣ್ಣ ಏನ್ ಮಾಡ್ತಿ ಅಂತೀರಲ್ಲ! ಜರಾ ಬೆಳಕರೆ ಜಾಸ್ತಿ ಮಾಡ್ರಿ."

"ಮೂವತ್ತೊಂದು ಅದ ಈಗ. ಲಗೂ ಹೇಳು."

ಕಾಕು ಕನ್ನಡಕ ಏರಿಸಿ, ಇಳಿಸಿ, ಮೂರನೆಯ ಬೂದಿ ಸ್ವಲ್ಪ ಕುಂಕುಮದ ಹಾಗಿದೆ ಎಂದು ಊಹಿಸಿ ಬೆರಳಿಟ್ಟಳು. ಬಂದದ್ದು ಗಿಳಿ ಹಸಿರು. ಸೀರೆ ಬೆಡಗಿನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಗಿಳಿ ಹಸಿರಿನದು ಟ್ರಂಕಿನಲ್ಲಿ ಆಗಲೇ ಎರಡಿದ್ದವು. ಈಗ ಮೂರು ಗಿಳಿ. ಕಾಕಾನ ಪುಸ್ತಕದಲ್ಲಿ ಆ ದಿನ ನಷ್ಟದ ಕಾಲಮ್ಮಿನಲ್ಲಿ ಕೇವಲ 3 ಎಂದಿದೆ, ನೀಲಿ ಶಾಯಿಯಲ್ಲಿ.

ಕೊನೆಗೆ ಒಂದು ರವಿವಾರ ಫೋನು ಕಸಿದುಕೊಂಡೇಬಿಟ್ಟೆ. ಬ್ಯಾಟರಿ ಎಲ್ಲಿ ಹೋಗುತ್ತದೆಂದು ಫೋನೇ ಲೆಕ್ಕ ಇಟ್ಟಿರುತ್ತದೆ. ಕಾಕಾ ಅದನ್ನು ತೆರೆದೇ ಇರಲಿಲ್ಲ. ಸಣ್ಣ ಕಳ್ಳರು ಹಲವರಿದ್ದರು. ಪಂಚಾಂಗದ ಆ್ಯಪೊಂದು ನೀವು ಎಲ್ಲಿದ್ದೀರಿ ಎಂದು ಹೊತ್ತುಹೊತ್ತಿಗೆ ವಿಚಾರಿಸುತ್ತಿತ್ತು. ಮಕ್ತಲ್ ಬಿಟ್ಟು ಅಲ್ಲಾಡದ ಮನುಷ್ಯ ಎಲ್ಲಿರುತ್ತಾನೆ! ಶುಭೋದಯದ ವಿಡಿಯೋಗಳು ರಾತ್ರಿಯೇ ತಾವಾಗಿ ಇಳಿಯುತ್ತಿದ್ದವು. ಇವಕ್ಕೆಲ್ಲ ಬೀಗ ಹಾಕಿದೆ. ದೊಡ್ಡ ಕಳ್ಳ ಬೇರೆಯೇ ಇದ್ದ: ಎರಡನೇ ಸಿಮ್ಮು. ರಾಯಚೂರಿನ ನಂಬರು. ಕಲ್ಲಿನ ದಪ್ಪ ಗೋಡೆಯ ನಮ್ಮ ಮನೆಯೊಳಗೆ ಆ ಸಿಮ್ಮಿಗೆ ಸಿಗ್ನಲ್ಲು ಒಂದು ಗೆರೆ ಬಂದರೆ ಹಬ್ಬ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಗಂಟಲು ಏರಿಸಿ ಕೂಗುತ್ತದೆ, ಟವರ್ ಸಿಗದಿದ್ದರೆ ಹುಡುಕುತ್ತಲೇ ಇರುತ್ತದೆ. ರಾತ್ರಿಯಿಡೀ ಬೋರಲು ಬಿದ್ದಿದ್ದರೂ ಅದು ಮಲಗಿರಲಿಲ್ಲ, ರಾಯಚೂರನ್ನು ಹುಡುಕುತ್ತಿತ್ತು.

ಹೊಳೆ ದಂಡೆಯ ಹೊಲಕ್ಕೆ ಹೋದರಂತೂ ಇನ್ನೂ ಮಜಾ. ಕೃಷ್ಣೆಯ ಈಚೆ ತೆಲಂಗಾಣ, ಆಚೆ ಕರ್ನಾಟಕ. ಬದುವಿನ ಮೇಲೆ ಇಟ್ಟ ಫೋನು ಒಮ್ಮೆ ಆಚೆ ದಂಡೆಯ ಟವರು ಹಿಡಿಯುತ್ತದೆ, ಒಮ್ಮೆ ಈಚಿನದು. ಕೂತ ಜಾಗದಲ್ಲೇ "ಕರ್ನಾಟಕಕ್ಕೆ ಸ್ವಾಗತ" ಎಂಬ ಸಂದೇಶ. ಇನ್ನೊಂದು ತಮಾಷೆ: ರಾಜ್ಯ ಒಡೆದು ಇಷ್ಟು ವರ್ಷವಾದರೂ ಟೆಲಿಕಾಂ ಪರವಾನಗಿಯ ಲೆಕ್ಕದಲ್ಲಿ ತೆಲಂಗಾಣ ಈಗಲೂ ಆಂಧ್ರಪ್ರದೇಶದ ಸರ್ಕಲ್ಲಿನೊಳಗೇ ಇದೆ.

ಇದನ್ನು ಹೇಳಿದಾಗ ಕಾಕಾ ಮೊದಲ ಬಾರಿಗೆ ಫೋನಿನ ಕಡೆ ಮರುಕದಿಂದ ನೋಡಿದರು. "ಮತ್ತ ನಂದೇನು? ನಾ ಹುಟ್ಟಿದಾಗ ಹೈದರಾಬಾದ್ ಸಂಸ್ಥಾನದ್ದೇ ರಾಜ್ಯ. 1956ಕ್ಕ ಆಂಧ್ರ ಅಂದ್ರು. 2014ಕ್ಕ ತೆಲಂಗಾಣ ಅಂದ್ರು. ಮಹಬೂಬನಗರ ಜಿಲ್ಲಾ ಅಂತ ಅರ್ಧ ಆಯುಷ್ಯ ವಿಳಾಸ ಬರದೆ, 2019ಕ್ಕ ನಾರಾಯಣಪೇಟ ಬರಿ ಅಂದ್ರು. ನಾ ಈ ಕಟ್ಟಿ ಬಿಟ್ಟು ಎದ್ದಿಲ್ಲಲೇ." ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು: "ಸುಮ್ನ ಕುಂತವಂಗೇ ಖರ್ಚು ಜಾಸ್ತಿ."

ರಾಯಚೂರಿನ ಸಿಮ್ಮನ್ನು ಆರಿಸಿದೆ. ಮರುದಿನ ಬೆಳಿಗ್ಗೆ ನಷ್ಟ: 2. ಅದರ ಮರುದಿನ: 2. ಒಂದು ವಾರ ಪುಸ್ತಕದ ತುಂಬ ಎರಡೇ ಎರಡು. ನಾನು ಗೆದ್ದೆನೆಂದುಕೊಂಡು ಹೈದರಾಬಾದಿಗೆ ವಾಪಸು ಬಂದೆ. ಕಾಕು ಫೋನ್ ಮಾಡಿದಳು, ಅವಳದೇ ಫೋನಿನಿಂದ. "ಏನು ಮಾಡಿ ಹೋದ್ಯೋ ಮಾರಾಯಾ, ಮುಂಜಾನಿಂದ ಕೆಲಸಿಲ್ಲದೆ ಅಡಿಗಿ ಮನ್ಯಾಗ ಬಂದು ಸಿಲಿಂಡರ್ ತೂಗಿ ನೋಡ್ಲಾಕತ್ತಾರ."

ದೀಪಾವಳಿಗೆ ಹೋದಾಗ ಕಾಕಾ ಮನೆಯಲ್ಲಿರಲಿಲ್ಲ. ಕಾಚಿಗೂಡದಿಂದ ಬರುವ ರೈಲು ಹತ್ತಿ ರಾಯಚೂರಿಗೆ ಹೋಗಿದ್ದರು. ಮಕ್ತಲ್ ಮೇಲಿಂದ ಹಾಯುವ ಈ ಗಾಡಿ ಶುರುವಾದದ್ದು 2023ರ ಅಕ್ಟೋಬರಿನಲ್ಲಿ. ಅಲ್ಲಿ ಅವರ ಜೊತೆ ಓದಿದ ನಾಲ್ಕು ಜನ ಉಳಿದಿದ್ದಾರೆ. ಮಂಡಾಳ ಒಗ್ಗರಣೆ, ಮಿರ್ಚಿ, ಹರಟೆ. ನಾನು ಗೂಡಿನಲ್ಲಿದ್ದ ಪುಸ್ತಕ ತೆಗೆದೆ. ಎರಡು, ಎರಡು, ಎರಡು. ಆಮೇಲೆ ಒಂದು ತಾರೀಖಿನಿಂದ ಮತ್ತೆ 6, 6, 6. ಆದರೆ ಕೆಂಪು ಶಾಯಿ ಇಲ್ಲ, ನೀಲಿಯೇ. ಸಿಮ್ಮು ಮತ್ತೆ ಹಚ್ಚಿದ್ದಾರೆ.

ರಾತ್ರಿ ಬಂದ ಮೇಲೆ ಕೇಳಿದೆ. ಚಪ್ಪಲಿ ಬಿಡುತ್ತಾ ಅಂದರು, "ಯಾರರೆ ಫೋನ್ ಮಾಡಿದ್ರ?"

"ನೀವು ಎತ್ತೂದಿಲ್ಲಲ್ಲ ಕಾಕಾ."

"ಎತ್ತೂದು ಬ್ಯಾರೆ."

ಊಟವಾದ ಮೇಲೆ ಫೋನನ್ನು ಗಡಿಗೆಗೆ ಒರಗಿಸಿ, ಪುಸ್ತಕ ತೆರೆದು, ತಾರೀಖು ಬರೆದು, "ಮಲಗುವಾಗ 71" ಎಂದು ತುಂಬಿಸಿದರು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಉಳಿದದ್ದೂ ಭರ್ತಿಯಾಗಿತ್ತು. ನಷ್ಟ 6. ಷರಾದಲ್ಲಿ, ದುಂಡು ಅಕ್ಷರದಲ್ಲಿ: "ಮನೆ ಖರ್ಚು 2, ರಾಯಚೂರು 4."