ಸ್ಪೀಡೋಮೀಟರಿನ ನಿದಾನಶಾಸ್ತ್ರ

1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಮೀರಿದ ಸಂಖ್ಯೆಯಲ್ಲಿ ತಯಾರಾದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು, ವೇಗಕ್ಕಿಂತ ಹೆಚ್ಚಾಗಿ ವೇಗದ ತೋರಿಕೆಗೆ ಹೆಸರಾದದ್ದು ಎಂದರೆ ಅದರ ಭಕ್ತರು ಮುನಿಸಿಕೊಂಡಾರೇ ಹೊರತು ಅಲ್ಲಗಳೆಯಲಾರರು. ಆಸನ ನೆಲಕ್ಕೆ ತೀರ ಹತ್ತಿರವಿರುವುದರಿಂದಲೂ, ಚಾವಣಿಯನ್ನು ಮಡಚಿಟ್ಟಾಗ ಗಾಳಿಯೆಲ್ಲವೂ ಚಾಲಕನ ಕಿವಿಯನ್ನೇ ಹುಡುಕಿಕೊಂಡು ಬರುವುದರಿಂದಲೂ, ಗಂಟೆಗೆ 50 ಮೈಲಿಯ ಓಟ ಅದರಲ್ಲಿ ಕುಳಿತವರಿಗೆ 80 ಮೈಲಿಯೆಂದು ಅನ್ನಿಸುವುದು ಸಹಜ. ಈ ಅನ್ನಿಸಿಕೆಯನ್ನು ಅಳೆದು, ಇರುವುದನ್ನು ಇದ್ದಷ್ಟೇ ಹೇಳುವ ಅಪ್ರಿಯ ಕೆಲಸವನ್ನು ಡ್ಯಾಶ್‌ಬೋರ್ಡಿನಲ್ಲಿರುವ ಸ್ಮಿತ್ಸ್ ಸಂಸ್ಥೆಯ ಸ್ಪೀಡೋಮೀಟರಿಗೆ ವಹಿಸಲಾಗಿದೆ. ಅರ್ಧ ಶತಮಾನದ ದುಡಿಮೆಯ ನಂತರ ಆ ಉಪಕರಣ ಕೆಟ್ಟಾಗ ಒಡೆಯರ ವರ್ತನೆಯಲ್ಲಿ ಒಂದು ಕ್ರಮವನ್ನು ಕಾಣಬಹುದು: ಮುಳ್ಳು ಇರುವುದಕ್ಕಿಂತ ಹೆಚ್ಚು ವೇಗವನ್ನು ತೋರಿಸುತ್ತಿದ್ದರೆ ದುರಸ್ತಿಯ ವಿಷಯ ವರ್ಷಗಟ್ಟಲೆ ಪ್ರಸ್ತಾಪವಾಗುವುದಿಲ್ಲ, ಕಡಿಮೆ ತೋರಿಸಿದರೆ ಅಂದು ಸಂಜೆಯೇ ಸ್ಪ್ಯಾನರು ಹೊರಬರುತ್ತದೆ.

ಉಪಕರಣದೊಳಗೆ ನಡೆಯುವುದು ಭೌತಶಾಸ್ತ್ರದ ಒಂದು ಹಳೆಯ ಪ್ರಸಂಗ. ತಾಮ್ರದ ತಟ್ಟೆಯೊಂದನ್ನು ತಿರುಗಿಸಿದರೆ, ಅದನ್ನು ಮುಟ್ಟದೆ ಮೇಲೆ ತೂಗುಬಿದ್ದಿರುವ ಅಯಸ್ಕಾಂತದ ಸೂಜಿಯೂ ಅದರ ಬೆನ್ನುಹತ್ತುತ್ತದೆ ಎಂಬುದನ್ನು ಫ್ರಾನ್ಸಿನ ಅರಾಗೊ 1824ರ ಸುಮಾರಿಗೆ ತೋರಿಸಿ ತನ್ನ ಕಾಲದ ಪಂಡಿತರನ್ನು ಕಂಗೆಡಿಸಿದ. ಅದರ ಕಾರಣವನ್ನು 1831ರಲ್ಲಿ ಫ್ಯಾರಡೆ ಬಿಡಿಸಿಟ್ಟ. ಅದೇ ತತ್ತ್ವವನ್ನು ತಿರುವುಮುರುವು ಮಾಡಿ, ತಿರುಗುವ ಕೆಲಸವನ್ನು ಅಯಸ್ಕಾಂತಕ್ಕೂ ಬೆನ್ನುಹತ್ತುವ ಕೆಲಸವನ್ನು ಲೋಹಕ್ಕೂ ಹಂಚಿದ ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ವೇಗಮಾಪಕಕ್ಕೆ ಪೇಟೆಂಟ್ ಪಡೆದ. ಎಂಜಿಬಿಯಲ್ಲಿ ಗೇರ್‌ಬಾಕ್ಸಿನ ಕಡೆಯಿಂದ ಸಣ್ಣ ಹಲ್ಲುಚಕ್ರವೊಂದು, ಕೊಳವೆಯೊಳಗೆ ಮಲಗಿರುವ ಹೊಸೆದ ಉಕ್ಕಿನ ತಂತಿಯನ್ನು, ಅಂದರೆ ಕೇಬಲನ್ನು, ತಿರುಗಿಸುತ್ತದೆ. ಕೇಬಲಿನ ಮೇಲ್ತುದಿ ಡಯಲಿನ ಹಿಂದಿರುವ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಎಲ್ಲಿಯೂ ತಾಗದೆ ಕವಿದಿರುವ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿ ಪ್ರವಾಹ ಎನ್ನಲಾಗುವ ವಿದ್ಯುತ್ತು ಹುಟ್ಟಿ ಬಟ್ಟಲೂ ಜೊತೆಗೆ ಹೊರಡಲು ಹವಣಿಸುತ್ತದೆ. ಆದರೆ ಕೂದಲಿನಷ್ಟು ತೆಳುವಾದ ಸ್ಪ್ರಿಂಗೊಂದು ಅದನ್ನು ಹಿಡಿದೆಳೆಯುವುದರಿಂದ ಒಂದಿಷ್ಟು ದೂರ ಹೋಗಿ ನಿಲ್ಲುತ್ತದೆ. ಎಳೆತ ಮತ್ತು ತಡೆ ಸಮನಾದ ಆ ಜಾಗವನ್ನೇ ಬಟ್ಟಲಿಗೆ ಅಂಟಿದ ಮುಳ್ಳು ವೇಗವೆಂದು ಸಾರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕುಗಳನ್ನು ಓಡಿಸಿದವರ ಕಣ್ಣೆದುರು ಕುಣಿದ ಮುಳ್ಳೂ ಇದೇ ವಂಶದ್ದು. ಇಡೀ ವ್ಯವಸ್ಥೆಗೆ ಬ್ಯಾಟರಿಯ ಸಂಬಂಧವೇ ಇಲ್ಲದ್ದರಿಂದ, ಬ್ರಿಟಿಷ್ ಕಾರಿನಲ್ಲಿ ಏನು ಕೆಟ್ಟರೂ ಲೂಕಾಸ್ ಸಂಸ್ಥೆಯ ವಿದ್ಯುತ್ ಉಪಕರಣಗಳನ್ನು ಬೈಯುವ ಪರಂಪರಾಗತ ಸಮಾಧಾನ ಇಲ್ಲಿ ಒಡೆಯರಿಗೆ ದೊರೆಯದು.

ರೋಗದ ನಿದಾನಕ್ಕೆ ಉಪಕರಣವನ್ನು ಬಿಚ್ಚುವ ಅಗತ್ಯ ಮೊದಲಿಗೆ ಇರುವುದಿಲ್ಲ, ನೋಡುವ ತಾಳ್ಮೆ ಇದ್ದರೆ ಸಾಕು. ಅದೇ ಡಯಲಿನಲ್ಲಿ ಓಡಿದ ಒಟ್ಟು ದೂರವನ್ನು ಎಣಿಸುವ ಓಡೋಮೀಟರೂ ಇದ್ದು, ಅದನ್ನು ಅದೇ ಕೇಬಲು ಹಲ್ಲುಚಕ್ರಗಳ ಮೂಲಕ ನಡೆಸುವುದರಿಂದ ಇಬ್ಬರು ಸಾಕ್ಷಿಗಳು ಒಂದೇ ಕಡೆ ಸಿಕ್ಕಿದ ಹಾಗಾಗುತ್ತದೆ. ಮುಳ್ಳೂ ಸತ್ತು ಅಂಕಿಗಳೂ ನಿಂತಿದ್ದರೆ ಅಪರಾಧ ಕೇಬಲಿನದು ಅಥವಾ ಕೆಳಗಿನ ಹಲ್ಲುಚಕ್ರದ್ದು. ಅಂಕಿಗಳು ಓಡುತ್ತಿದ್ದು ಮುಳ್ಳು ಮಾತ್ರ ಮಲಗಿದ್ದರೆ ಬಟ್ಟಲನ್ನೋ ಸ್ಪ್ರಿಂಗನ್ನೋ ವಿಚಾರಿಸಬೇಕು. ಮುಳ್ಳು ಸರಿಯಿದ್ದು ಅಂಕಿಗಳು ನಿಂತಿದ್ದರೆ ಸವೆದ ಹಲ್ಲುಗಳ ಕಥೆ; ಕಾರನ್ನು ಮಾರಲು ಹೊರಟವರು ಇದನ್ನು ರೋಗವೆಂದು ಪರಿಗಣಿಸುವುದು ಅಪರೂಪ. ಮುಳ್ಳು ಮಾರಿಜಾತ್ರೆಯಲ್ಲಿ ಮೈಮೇಲೆ ಬಂದವರ ಹಾಗೆ 20ಕ್ಕೂ 60ಕ್ಕೂ ನಡುವೆ ತೂರಾಡುತ್ತಿದ್ದರೆ, ಒಣಗಿದ ಅಥವಾ ಎಲ್ಲೋ ಮುರಿಗೊಂಡ ಕೇಬಲು ಕೊಳವೆಯೊಳಗೆ ತಡೆದು ತಡೆದು, ಆಮೇಲೆ ಒಮ್ಮೆಗೇ ಚಿಮ್ಮಿ ತಿರುಗುತ್ತಿದೆ ಎಂದು ತಿಳಿಯಬೇಕು. ವಯಸ್ಸಾದ ಅಯಸ್ಕಾಂತ ತನ್ನ ಬಲವನ್ನು ಕೊಂಚ ಕಳೆದುಕೊಂಡರೆ ಮುಳ್ಳು ಸದಾ ಕಡಿಮೆ ವೇಗವನ್ನೇ ಹೇಳುತ್ತದೆ. ಇದು ಮಾಲೀಕನ ಮಾನಕ್ಕೂ ಪೊಲೀಸರ ದಂಡಕ್ಕೂ ಸಂಬಂಧಿಸಿದ ಕಾರಣ ಎಲ್ಲಕ್ಕಿಂತ ಗಂಭೀರವಾದ ಕಾಯಿಲೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು ಅತಿಯಾದ ಉಪಚಾರದಿಂದ ಬರುವ ರೋಗ. ಕೇಬಲು ಒಣಗಿದೆಯೆಂದು ಮರುಗಿದ ಒಡೆಯನು ಮೇಲಿನಿಂದ ಧಾರಾಳವಾಗಿ ಎಣ್ಣೆ ಬಿಡುತ್ತಾನೆ. ಹೊಸೆದ ಕೇಬಲಿನ ಸುರುಳಿಗಳೇ ತಿರುಪಿನ ಕೆಲಸ ಮಾಡಿ ಆ ಎಣ್ಣೆಯನ್ನು ಮೇಲಕ್ಕೆ ಹತ್ತಿಸುತ್ತವೆ. ಅದು ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವಿನ ತೆರಪನ್ನು ತುಂಬುತ್ತದೆ. ಅಲ್ಲಿಂದ ಮುಂದೆ ಫ್ಯಾರಡೆಗೆ ಅಲ್ಲಿ ಕೆಲಸವಿಲ್ಲ. ಜಿಡ್ಡು ಹಿಡಿದ ಬಟ್ಟಲು ಅಯಸ್ಕಾಂತದ ಜೊತೆಗೇ ಸುತ್ತಿಕೊಂಡು, ಕಾರು ಬಡಾವಣೆಯ ತಿರುವು ದಾಟುವ ಮುನ್ನವೇ ಮುಳ್ಳು ಡಯಲಿನ ಕೊನೆಯ ಅಂಕಿಯನ್ನು ಮುಟ್ಟುತ್ತದೆ, ಕಾರು ನಿಂತ ಮೇಲೂ ಅಲ್ಲಿಂದ ಇಳಿಯಲು ಮನಸ್ಸು ಮಾಡುವುದಿಲ್ಲ. ಆದ್ದರಿಂದಲೇ ಬಲ್ಲವರ ವಿಧಿ ಹೀಗಿದೆ: ಎಣ್ಣೆಯನ್ನು ಬಿಟ್ಟು ಗ್ರೀಸನ್ನು ಬಳಸಬೇಕು, ಅದನ್ನೂ ಲೋಭಿಯ ಕೈಯಿಂದ ಸವರಬೇಕು, ಮತ್ತು ಡಯಲಿನ ಕಡೆಯ ಒಂದು ಗೇಣನ್ನು ಒಣದಾಗಿಯೇ ಉಳಿಸಬೇಕು.

ಕೇಬಲನ್ನು ಹೊರತೆಗೆಯುವ ಕ್ರಮ ಪುಸ್ತಕದಲ್ಲಿ ಒಂದು ಸಾಲಿನದು: ಡಯಲಿನ ಹಿಂದಿನ ಗೀರುಗಳುಳ್ಳ ನಟ್ಟನ್ನು ಕೈಯಿಂದ ಸಡಿಲಿಸಿ ಎಳೆಯಿರಿ. ಆ ಸಾಲನ್ನು ಬರೆದವರು ಡ್ಯಾಶ್‌ಬೋರ್ಡ್ ಇನ್ನೂ ಜೋಡಣೆಯಾಗದ ಕಾರನ್ನು ಮುಂದಿಟ್ಟುಕೊಂಡಿದ್ದರೆಂದು ಊಹಿಸಲು ಅವಕಾಶವಿದೆ. ವಾಸ್ತವದಲ್ಲಿ ಮಾಲೀಕನು ತಲೆಯನ್ನು ಪೆಡಲುಗಳ ಬಳಿಗೂ ಕಾಲುಗಳನ್ನು ಆಸನದ ಬೆನ್ನಿನ ಮೇಲೂ ಚಾಚಿ, ವೈರುಗಳ ನಡುವೆ ಕಾಣದ ನಟ್ಟನ್ನು ಎರಡು ಬೆರಳುಗಳಿಂದ ಹುಡುಕಬೇಕಾಗುತ್ತದೆ. ಹಠಯೋಗದ ಗ್ರಂಥಗಳಲ್ಲಿ ಈ ಆಸನ ಸೇರದೆ ಹೋದದ್ದು ಆ ಗ್ರಂಥಕಾರರಿಗೆ ಸ್ಪೋರ್ಟ್ಸ್ ಕಾರಿನ ಪರಿಚಯವಿರಲಿಲ್ಲ ಎಂಬ ಕಾರಣಕ್ಕೆ ಮಾತ್ರ. ಹೊರಬಂದ ಕೇಬಲನ್ನು ನೆಲದ ಮೇಲೆ ನೇರವಾಗಿ ಚಾಚಿ ಬೆರಳುಗಳಲ್ಲಿ ಹೊರಳಿಸಿದಾಗ ಅದು ಎಗರದೆ ಉರುಳಿದರೆ ಆರೋಗ್ಯವಾಗಿದೆ, ತುದಿ ಹಾರಿ ಹಾರಿ ಬಿದ್ದರೆ ಎಲ್ಲೋ ಮುರಿಗೊಂಡಿದೆ. ಮರಳಿ ಕೂರಿಸುವಾಗ ಆರು ಅಂಗುಲ ತ್ರಿಜ್ಯಕ್ಕಿಂತ ಬಿಗಿಯಾದ ಬಾಗು ಎಲ್ಲಿಯೂ ಬಾರದಂತೆ ನೋಡಿಕೊಳ್ಳಬೇಕು. ಮೇಲಿನ ಉಪಕರಣ ನಿರಪರಾಧಿಯೇ ಎಂದು ತಿಳಿಯಲು ಕೇಬಲಿನ ಕೆಳತುದಿಗೆ ಬಡಗಿಯ ಡ್ರಿಲ್ಲನ್ನು ಸಿಕ್ಕಿಸಿ ಸರಿಯಾದ ದಿಕ್ಕಿನಲ್ಲಿ ತಿರುಗಿಸುವುದೂ ಉಂಟು; ಆಗ ಗ್ಯಾರೇಜಿನಿಂದ ಕದಲದ ಕಾರು 60 ಮೈಲಿ ವೇಗದಲ್ಲಿ ಓಡತೊಡಗುತ್ತದೆ, ಅದರ ಓಡೋಮೀಟರು ಹೋಗದ ಊರುಗಳ ದೂರವನ್ನು ಪ್ರಾಮಾಣಿಕವಾಗಿ ದಾಖಲಿಸುತ್ತದೆ.

ಇಷ್ಟಾದರೂ ಮುಳ್ಳು ತಪ್ಪು ಹೇಳಿದರೆ ಗಣಿತಕ್ಕೆ ಶರಣಾಗಬೇಕು. ಸ್ಮಿತ್ಸ್ ಡಯಲಿನ ಮೇಲೆ ಸಣ್ಣ ಅಕ್ಷರಗಳಲ್ಲಿ 1000 ಅಥವಾ 1280 ಎಂಬಂತಹ ಸಂಖ್ಯೆಯೊಂದು ಅಚ್ಚಾಗಿರುತ್ತದೆ; ಒಂದು ಮೈಲಿಗೆ ಕೇಬಲು ಅಷ್ಟು ಸುತ್ತು ತಿರುಗಿದರೆ ಮಾತ್ರ ಈ ಉಪಕರಣ ಸತ್ಯ ನುಡಿಯುತ್ತದೆ ಎಂಬುದು ಅದರ ತಾತ್ಪರ್ಯ. ಗೇರ್‌ಬಾಕ್ಸನ್ನೋ ಹಿಂದಿನ ಆಕ್ಸಲನ್ನೋ ಯಾರೋ ಎಂದೋ ಬದಲಿಸಿದ್ದರೆ ಈ ಒಪ್ಪಂದ ಮುರಿದಿರುತ್ತದೆ. ಪರೀಕ್ಷೆಗಾಗಿ ಮೈಲಿಯ ನೂರನೆಯ ಒಂದು ಭಾಗವನ್ನು, ಅಂದರೆ 52 ಅಡಿ ಒಂಬತ್ತೂವರೆ ಅಂಗುಲದಷ್ಟನ್ನು, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಕೇಬಲನ್ನು ಡಯಲಿನಿಂದ ಕಳಚಿ, ಅದರ ತುದಿಗೆ ರಟ್ಟಿನ ಬಾಣವೊಂದನ್ನು ಚುಚ್ಚಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಕಾರನ್ನು ತಳ್ಳಬೇಕು. ಬಾಣದ ಸುತ್ತುಗಳನ್ನು ನೂರರಿಂದ ಗುಣಿಸಿದರೆ ಮೈಲಿಯ ಲೆಕ್ಕ ಸಿಗುತ್ತದೆ. 1280ರ ಡಯಲಾದರೆ ಹದಿಮೂರಕ್ಕೆ ತುಸು ಕಡಿಮೆ ಸುತ್ತು ಬರಬೇಕು. ಒಬ್ಬರು ಒಳಗೆ ಕುಳಿತು ರಟ್ಟಿನ ಚೂರನ್ನು ದಿಟ್ಟಿಸುತ್ತ ಗಟ್ಟಿಯಾಗಿ ಎಣಿಸುತ್ತಿರಲು, ಇನ್ನೊಬ್ಬರು ಹಿಂದಿನಿಂದ ಬೆವರು ಸುರಿಸಿ ತಳ್ಳುತ್ತಿರಲು, ಸ್ಪೋರ್ಟ್ಸ್ ಕಾರಿನ ವೇಗದ ಪ್ರಶ್ನೆ ನಡಿಗೆಗಿಂತಲೂ ನಿಧಾನವಾಗಿ ಇತ್ಯರ್ಥವಾಗುವ ಈ ದೃಶ್ಯವನ್ನು ನೆರೆಹೊರೆಯವರು ಕಾರು ಕೆಟ್ಟಿದೆಯೆಂದೇ ಅರ್ಥಮಾಡಿಕೊಳ್ಳುತ್ತಾರೆ.

ಟೈರಿನ ಪಾತ್ರವೂ ಇಲ್ಲಿ ಸಣ್ಣದಲ್ಲ. ಸವೆದ ಟೈರು ಕುಗ್ಗಿದ ಸುತ್ತಳತೆಯಿಂದಾಗಿ ಅದೇ ದೂರಕ್ಕೆ ಹೆಚ್ಚು ಸಲ ಉರುಳುವ ಕಾರಣ ಮುಳ್ಳು ನೂರಕ್ಕೆ ಒಂದೆರಡು ಭಾಗ ಮೇಲೇರಿರುತ್ತದೆ. ಹೊಸ ಟೈರು ಕೊಂಡವನ ಕಾರು ಕೊಂಡ ದಿನವೇ ಅಷ್ಟು ಮಂದವಾದಂತೆ ಕಾಣುವುದು ಈ ಕಾರಣದಿಂದ. ಕಾನೂನಿಗೂ ಈ ದೌರ್ಬಲ್ಯದ ಅರಿವಿದೆ. ಯುರೋಪಿನಲ್ಲಿ ಇಂದಿನ ಕಾರುಗಳಿಗೆ ಅನ್ವಯಿಸುವ ವಿಶ್ವಸಂಸ್ಥೆಯ 39ನೆಯ ನಿಯಮದ ಪ್ರಕಾರ ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆಯನ್ನು ಎಂದೂ ತೋರಿಸಕೂಡದು, ಆದರೆ ನೂರಕ್ಕೆ ಹತ್ತರಷ್ಟು ಮತ್ತು ಅದರ ಮೇಲೆ ಗಂಟೆಗೆ 4 ಕಿಲೋಮೀಟರಿನಷ್ಟು ಹೆಚ್ಚನ್ನು ತೋರಿಸಬಹುದು. ಅಂದರೆ ನೂರರಲ್ಲಿ ಓಡುವ ಕಾರು ತಾನು 114ರಲ್ಲಿದ್ದೇನೆಂದು ಹೇಳಿಕೊಳ್ಳಲು ಶಾಸನದ ಅಪ್ಪಣೆಯಿದೆ. ಆ ನಿಯಮಕ್ಕೆ ಮೊದಲೇ ಹುಟ್ಟಿದ ಎಂಜಿಬಿಯ ಒಡೆಯರು ಇಂತಹ ಉದಾರತೆಯನ್ನು ಅಪ್ಪಣೆಯಿಲ್ಲದೆಯೇ ಪಾಲಿಸಿಕೊಂಡು ಬಂದವರು.

ಹಾಗಾಗಿ ಮುಳ್ಳು ಸರಿಯಾಗಿ, ಅಂಕಿಗಳೂ ಮತ್ತೆ ಉರುಳತೊಡಗಿದ ದಿನ ಒಡೆಯನ ಮುಖದಲ್ಲಿ ಕಾಣುವ ಸಂತೋಷ ಪೂರ್ಣ ಸ್ವರೂಪದ್ದಲ್ಲ. ಬ್ರಿಟನ್ನಿನಲ್ಲಿ ಹಳೆಯ ಕಾರುಗಳ ವಿಮೆಯನ್ನು ವರ್ಷಕ್ಕೆ ಇಂತಿಷ್ಟೇ ಮೈಲಿ ಓಡಿಸಬೇಕೆಂಬ ಮಿತಿಯ ಮೇಲೆ ಅಗ್ಗದ ಕಂತಿಗೆ ಕೊಡುವ ಪದ್ಧತಿಯಿದ್ದು, ಬೇಸಿಗೆಯ ನಡುವೆ ಒಣಗಿ ತುಂಡಾದ ಕೇಬಲನ್ನು ಬದಲಾಯಿಸಲು ಬೇಕಾದ ಬಿಡುವು ಕೆಲವರಿಗೆ ವಿಮೆಯ ವರ್ಷ ಮುಗಿದ ಮೇಲೆಯೇ ಒದಗಿಬರುವುದುಂಟು.