ಬೈಗುಳ ಮಾತ್ರ ನನ್ನ ಪಾಲಿಗೆ: ತಿಕೋಟಾ ಟವರಿನ ಜತೆ ಮಾತುಕತೆ

ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಈ ಮೂರೂ ಕಡೆ ನೆಟ್‌ವರ್ಕ್ ಭಾರಿ ಸುಧಾರಿಸಿದೆ ಎಂದು ಮೊಬೈಲ್ ಕಂಪನಿಯೊಂದು ಹೇಳಿಕೊಂಡಿದೆ. ಪ್ರಕಟಣೆಯಲ್ಲಿ ‘ತಡೆರಹಿತ’, ‘ಅತ್ಯುತ್ಕೃಷ್ಟ’, ‘ಅನುಭವ’ ಎಂಬ ಶಬ್ದಗಳನ್ನು ತೆಗೆದರೆ ಉಳಿಯುವುದು ಅಧಿಕಾರಿಗಳ ಹುದ್ದೆಗಳಷ್ಟೇ. ಕಂಪನಿ ಮಾತಾಡಿತು. ಗಿರಾಕಿಗಳೂ ಮಾತಾಡಿದರು, ಅದರಲ್ಲಿ ಅಚ್ಚು ಹಾಕಬಹುದಾದದ್ದು ಕಡಿಮೆ. ಎಲ್ಲರ ಮಾತನ್ನೂ ಹೊತ್ತು ನಿಂತವನನ್ನು ಮಾತ್ರ ಯಾರೂ ಮಾತಾಡಿಸಿದಂತಿಲ್ಲ. ಹಾಗಾಗಿ ಅಥಣಿ ರಸ್ತೆಯಲ್ಲಿ ತಿಕೋಟಾ ದಾಟಿ, ದ್ರಾಕ್ಷಿ ತೋಟಗಳ ನಡುವಿನ ಎರಿಹೊಲವೊಂದರಲ್ಲಿ ನಿಂತಿರುವ ಟವರನ್ನೇ ಕಂಡೆವು. ಕಬ್ಬಿಣ ಎಲ್ಲಿಂದ ಬಂದದ್ದೋ ಗೊತ್ತಿಲ್ಲ, ಮಾತು ಮಾತ್ರ ಅಪ್ಪಟ ವಿಜಯಪುರದ್ದು.

ಪ್ರಶ್ನೆ: ನಮಸ್ಕಾರ್ರಿ. ಸುಧಾರಿಸೀರಂತ ಸುದ್ದಿ ಬಂದೈತಿ, ಅಭಿನಂದನೆ.

ಟವರ್: ನಮಸ್ಕಾರ್ರಿ ಸರ. ನಾ ಕೆಟ್ಟಿದ್ದೆ ಅಂತ ಮೊದಲ ಯಾರ ಹೇಳಿದ್ರು? ಹೋದ ವರ್ಷನೂ ‘ಎಲ್ಲಾ ಚೊಲೋ ಐತಿ’ ಅಂತನ ಹೇಳ್ತಿದ್ರು. ಈಗ ಸುಧಾರಿಸೇತಿ ಅಂದ್ರ ಅವಾಗ ಹೇಳಿದ್ದು ಸುಳ್ಳು ಅಂದಂಗ ಆತಲ್ರಿ.

ಪ್ರಶ್ನೆ: ಖರೇನ ಏನ ಆಗೇತಿ?

ಟವರ್: ಇಬ್ಬರು ಹುಡುಗ್ರು ಬಂದ್ರು. ಸೊಂಟಕ್ಕ ಬೆಲ್ಟ್ ಕಟಗೊಂಡು ತುದೀತನಕ ಹತ್ತಿದ್ರು. ಹಳೇ ಡಬ್ಬಿ ಇಳಿಸಿ ಹೊಸಾ ಡಬ್ಬಿ ಕೂಡ್ರಿಸಿದ್ರು, ಒಂದು ಉದ್ದನ್ನ ಆ್ಯಂಟೆನಾ ಬಿಗದ್ರು. ಆಮ್ಯಾಲ ನನ್ನ ನೆರಳಾಗ ಕುಂತು ರೊಟ್ಟಿ ತಿಂದ್ರು. ನನ್ನ ನೆರಳಂದ್ರ ಏನ್ರಿ, ನೆಲದ ಮ್ಯಾಲ ನಾಕು ಗೀಟು. ಅಂಥಾ ಬಿಸಲಾಗ ಕೆಲಸಾ ಮಾಡಿದವರು ಅವರು. ನಿಮ್ಮ ಪೇಪರಿನ್ಯಾಗ ಫೋಟೋ ಬಂದಿದ್ದು ಎಸಿ ಹಾಲಿನ್ಯಾಗ ರಿಬ್ಬನ್ ಹಿಡಕೊಂಡವರದು.

ಪ್ರಶ್ನೆ: ನೀವು ಯಾವ ಕಂಪನ್ಯಾವ್ರು?

ಟವರ್: ಎಲ್ಲಾರೂ ಇದನ್ನ ತಪ್ಪು ತಿಳಕೋತಾರ. ನೆಲ ಒಬ್ಬ ರೈತಂದು. ಕಬ್ಬಿಣ ಟವರ್ ಕಂಪನೀದು, ಅದು ಬ್ಯಾರೇನ. ಮ್ಯಾಲ ಮೂರು ಮೊಬೈಲ್ ಕಂಪನಿ ಬಾಡಗಿಗೆ ಅದಾವ. ಚಾದಂಗಡ್ಯಾಗ ದಿನಾ ಇಬ್ಬರು ಜಗಳಾಡ್ತಾರ, ‘ನಂದರ ನೆಟ್‌ವರ್ಕ್ ಚೊಲೋ, ನಿಂದು ದರಿದ್ರ’ ಅಂತ. ಇಬ್ಬರದೂ ನನ್ನ ಕೊರಳಿಗೇ ಜೋತ ಬಿದ್ದಾವ್ರಿ, ನಡಕ ಎರಡು ಮೊಳ ಅಂತರ. ಬಾಡಗಿ ಯಾರಿಗೋ ಹೋಗತೈತಿ, ರಿಚಾರ್ಜ್ ರೊಕ್ಕ ಮತ್ತ್ಯಾರಿಗೋ, ಬೈಗುಳ ಅಷ್ಟ ನನ್ನ ಪಾಲಿಗೆ.

ಪ್ರಶ್ನೆ: ನಕ್ಷಾ ನೋಡಿದ್ರ ತಿಕೋಟಾ, ಬಬಲೇಶ್ವರ ಎಲ್ಲಾ ಬಣ್ಣ ತುಂಬೇತಿ. ಒಂದು ಹೊಲಾನೂ ಖಾಲಿ ಇಲ್ಲ.

ಟವರ್: 2024ರಾಗ ಟೆಲಿಕಾಂ ನಿಯಂತ್ರಕ ಟ್ರಾಯ್‌ನವರು ನಿಯಮ ಮಾಡಿದ್ರು, ಎಲ್ಲೆಲ್ಲಿ ಸಿಗ್ನಲ್ ಐತಿ ಅಂತ ಕಂಪನಿಗೋಳು ನಕ್ಷಾ ತೋರಸಬೇಕು ಅಂತ. ನಿಯಮ ಚೊಲೋನ ಐತಿ. ಆದ್ರ ಬಣ್ಣಾ ಬಳಿಯೂದು ಕಂಪ್ಯೂಟರ್. ನನ್ನ ಎತ್ತರ ಎಷ್ಟು, ನೆಲ ಎಷ್ಟು ಸಪಾಟ, ಅಲೆ ಎಷ್ಟು ದೂರ ಹೋದೀತು ಅಂತ ಲೆಕ್ಕಾ ಹಾಕಿ ಬಳೀತೈತಿ. ಹಳ್ಳ್ಯಾಗಿನ ಆಯಿ ಮನೀ ಗ್ವಾಡಿ ಎರಡು ಮೊಳ ದಪ್ಪ ಐತಿ, ಮ್ಯಾಲ ಮಣ್ಣಿನ ಮಾಳಗಿ ಐತಿ ಅನ್ನೂದು ಅದಕ್ಕ ಏನ ಗೊತ್ತು? ನಕ್ಷಾದಾಗ ಆಯಿ ಬಣ್ಣದಾಗ ಅದಾಳ. ಮನ್ಯಾಗ ಆಯಿ ಫೋನ್ ಹಿಡಕೊಂಡು ನಿಚ್ಚಣಿಕಿ ಮ್ಯಾಲ ಅದಾಳ.

ಪ್ರಶ್ನೆ: ಹೊಸಾ ಡಬ್ಬಿ ಬಂದ ಮ್ಯಾಲೂ ಹಂಗ ಏನು?

ಟವರ್: ಅಲೆಗಳೊಳಗ ಜಾತಿ ಅದಾವ್ರಿ ಸರ. 700, 900 ಮೆಗಾಹರ್ಟ್ಸ್ ಅಂತಾರಲ್ಲ, ಅವು ಡೊಳ್ಳಿನ ಸಪ್ಪಳ ಇದ್ದಂಗ, ಬಾಜೂ ಊರಿಗೂ ಕೇಳ್ತಾವ, ಗ್ವಾಡಿ ಒಳಗೂ ಹೊಕ್ಕಾವ. 2100, 2300 ಅಂತಾವು ತಾಳದ ಸಪ್ಪಳ. ಹತ್ತರ ಇದ್ದವರಿಗೆ ಭೇಷ್ ಕೇಳ್ತಾವ, ಓಣಿ ತಿರುವಿನ್ಯಾಗ ಮುಗೀತಾವ. ಆದ್ರ ಸಿನಿಮಾ, ರೀಲ್ಸ್ ಹೊರೂ ತಾಕತ್ತು ಹೆಚ್ಚು ಇರೂದು ಆ ಎರಡನೇ ಜಾತೀಗೆ. ಮಂದೀಗೆ ದೂರಾನೂ ಬೇಕು, ರೀಲ್ಸೂ ಬೇಕು. ಇನ್ನೊಂದು ತಿಳಕೋರಿ: ಫೋನಿನ ಮ್ಯಾಲಿನ ಕಡ್ಡಿ ತೋರಸೂದು ಸಿಗ್ನಲಿನ ಜೋರು, ಒಳಗ ಜಾಗಾ ಐತೋ ಇಲ್ಲೋ ಅನ್ನೂದಲ್ಲ. ಸಂಕ್ರಮಣಕ್ಕ ವಿಜಯಪುರದಾಗ ಸಿದ್ಧೇಶ್ವರ ಜಾತ್ರಿಗೆ ಹೋಗಿ ನೋಡ್ರಿ. ಕಡ್ಡಿ ತುಂಬಿರ್ತಾವ, ಕಾಲ್ ಹೋಗಂಗಿಲ್ಲ. ಹೆಂಡ್ತಿ ಬಳಿ ಅಂಗಡ್ಯಾಗ, ಗಂಡ ಜೋಕಾಲಿ ಬುಡಕ, ಇಬ್ಬರ ಕೈಯಾಗೂ ತುಂಬಿದ ಕಡ್ಡಿ.

ಪ್ರಶ್ನೆ: ನಮ್ಮ ಮನ್ಯಾಗೂ ಹಂಗ ಆಗೇತ್ರಿ. ಮಾತಾಡ್ತ ಮಾತಾಡ್ತ ಕಟ್ ಆಗತೈತಿ. ಸುಧಾರಣಾ ಆದ ಮ್ಯಾಲೂ.

ಟವರ್: ಇರ್ಲಿ, ಆ ಮಾತು ಕಡೀಕ ಮಾತಾಡೂಣು. ನೆನಪ ಮಾಡ್ರಿ.

ಪ್ರಶ್ನೆ: ಗಿರಾಕಿಗೋಳು ಖುಷಿ ಆಗ್ಯಾರಲ್ರಿ?

ಟವರ್: ಸಿಟ್ಟಾದವರ ಹೆಚ್ಚು! ಈ ಸೀಮ್ಯಾಗ ‘ನಾಟ್ ರೀಚೆಬಲ್’ ಅನ್ನೂದು ಪಿತ್ರಾರ್ಜಿತ ಆಸ್ತಿ ಆಗಿತ್ತು. ಸೊಸಾಯಿಟಿ ಸಾಲ ತಗೊಂಡವ ಅದರ ಮ್ಯಾಲ ಬಾಳೇ ಮಾಡ್ಯಾನ. ‘ಹೊಲದಾಗ ಇದ್ನಿರಿ ಮ್ಯಾನೇಜರ್ ಸಾಹೇಬ್ರ, ರೇಂಜ್ ಇರಲಿಲ್ಲ’ ಅಂದ್ರ ಮುಗೀತು. ತಲಾಟಿ ಫೋನ್ ಹತ್ತೂದಿಲ್ಲ ಅಂದ್ರ ಹಳ್ಳಿ ದಾರ್ಯಾಗ ಇರಬೇಕು ಅಂತ ಮಂದಿ ಸುಮ್ಮನಾಗ್ತಿದ್ರು. ಲೈನ್‌ಮನ್‌ನ ಮಾತಂತೂ ಕೇಳಬ್ಯಾಡ್ರಿ. ಈಗ ಅವರಿಗೆಲ್ಲಾ ಹೊಲದ ನಡೂಕ ರಿಂಗ್ ಆಗಾಕ ಹತ್ತೇತಿ. ಮೊನ್ನೆ ಒಬ್ಬ ಕಾಕಾ ನನ್ನ ಬೇಲಿ ಹತ್ತರ ಬಂದು ನಿಂತು, ‘ಏ ಖೋಡಿ, ನೀ ಬಂದು ನನ್ನ ಸಮಾಧಾನ ಕಸಗೊಂಡಿ’ ಅಂದ. ಮಗಳು ಪುಣೇದಿಂದ ದಿನಾ ವಿಡಿಯೋ ಕಾಲ್ ಮಾಡಿ ಗುಳಿಗಿ ತಗೊಂಡಿ ಏನು, ತಂಬಾಕು ಬಿಟ್ಟಿ ಏನು ಅಂತ ಕೇಳ್ತಾಳಂತ.

ಪ್ರಶ್ನೆ: ದ್ರಾಕ್ಷಿ ಬೆಳೆಗಾರರು?

ಟವರ್: ಅವರ ತ್ರಾಸ ಖರೇದು. ಅಕ್ಟೋಬರ್ ಚಾಟ್ನಿ ಆದ ಮ್ಯಾಲ ಮೋಡ ಕವಿದ್ರ ಡೌನಿ ರೋಗದ ಹೆದರಿಕಿ. ಎಲೀ ಫೋಟೋ ತಗದು ಔಷಧ ಅಂಗಡಿಗೆ ಕಳಸ್ತಾರ. ಗುಂಡನ್ನ ಚಕ್ರ ತಿರಗತೈತಿ ನೋಡ್ರಿ, ತಿರಗತೈತಿ, ತಿರಗತೈತಿ, ಅಷ್ಟರಾಗ ಮಳೀನ ಬಂದು ಹೋಗತೈತಿ. ಆಮ್ಯಾಲ ಮಣೂಕದ ಕಾಲ. ಶೆಡ್ಡಿನ್ಯಾಗ ನಿಂತು ತಾಸಗಾಂವ ಪ್ಯಾಟೀ ರೇಟ್ ಕೇಳ್ತಾರ. ‘ಕಿಲೋಕ್ಕ ಎರಡನೂರಾ…’ ಅಂದಲ್ಲೇ ಕಾಲ್ ಕಟ್. ಎರಡನೂರಾ ಹತ್ತೋ ಎರಡನೂರಾ ತೊಂಬತ್ತೋ? ರೈತ ತೊಂಬತ್ತು ಅಂತ ಕೇಳಸ್ಕೊಂಡಾನ, ದಲಾಲಿ ಹತ್ತು ಅಂತ ಹೇಳ್ಯಾನ. ಆ ಜಗಳದಾಗ ನಾ ಸಾಕ್ಷಿ, ನನ್ನ ಕರಿಯವರಿಲ್ಲ.

ಪ್ರಶ್ನೆ: ದೂರು ಕೊಡೂ ನಂಬರ್ ಐತಲ್ರಿ?

ಟವರ್: ಐತಿ. ಸಮಸ್ಯಾ ಏನಂದ್ರ ರೇಂಜ್ ಇಲ್ಲ ಅಂತ ದೂರು ಕೊಡಾಕ ರೇಂಜ್ ಬೇಕು. ಸಿಕ್ರ, ಒಂದು ಒತ್ರಿ, ಎರಡು ಒತ್ರಿ ಅಂತೈತಿ. ಕಡೀಕ ಒಬ್ಬಾಕಿ ಬರ್ತಾಳ, ಭಾಳ ನಯ. ‘ಯವ್ವಾ, ಮಾಳಗಿ ಏರಿದ್ರೂ ಹತ್ತವಲ್ದು’ ಅಂತ ಇವ ಅಂತಾನ. ‘ಸರ್, ದಯವಿಟ್ಟು ನಿಮ್ಮ ಹ್ಯಾಂಡ್‌ಸೆಟ್ ಆಫ್ ಮಾಡಿ ಆನ್ ಮಾಡಿ’ ಅಂತ ಆಕಿ ಅಂತಾಳ. ಇವ ಆಫ್ ಮಾಡ್ತಾನ. ಅಲ್ಲಿಗೆ ದೂರು ಬಗೆಹರೀತು ಅಂತ ಮೆಸೇಜ್ ಬರ್ತೈತಿ.

ಪ್ರಶ್ನೆ: ಕಾಲ್ ಕಟ್ ಆದ್ರ ರೊಕ್ಕ ವಾಪಸ್ ಕೊಡೂ ಕಾಯ್ದೆ ಇತ್ತಂತಲ್ಲ?

ಟವರ್: ಇತ್ತು, ಬಾಳಲಿಲ್ಲ. 2015ರಾಗ ಟ್ರಾಯ್ ಆದೇಶ ಮಾಡ್ತು: ಕಟ್ ಆದ ಒಂದು ಕಾಲಿಗೆ ಒಂದು ರೂಪಾಯಿ, ದಿನಕ್ಕ ಮೂರು ಕಾಲಿನ ಮಟ. 2016ರ ಜನವರಿ 1ರಿಂದ ಜಾರಿ ಅಂದ್ರು. ಕಂಪನಿಗೋಳು ಕೋರ್ಟಿಗೆ ಹೋದ್ವು. ಅದ ವರ್ಷ ಮೇ 11ಕ್ಕ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡ್ತು, ಮನಸ್ಸಿಗೆ ಬಂದಂಗ ಮಾಡಿದ್ದು, ಪಾರದರ್ಶಕ ಅಲ್ಲ ಅಂತು. ದಿನಕ್ಕ ಮೂರು ರೂಪಾಯಿ! ಇಲ್ಲಿ ಒಂದು ಮನ್ಯಾಗ ನಾಕು ಫೋನ್ ಅದಾವ. ಒಬ್ಬ ತಮ್ಮ ನನ್ನ ಬುಡಕ ಕುಂತು ಲೆಕ್ಕಾ ಹಾಕಿಟ್ಟಿದ್ದ ಪಾಪ, ವರ್ಷಕ್ಕ ಒಂದು ಹೋರಿ ಕೊಳ್ಳಬಹುದಿತ್ತು ಅಂತ.

ಪ್ರಶ್ನೆ: ಬ್ಯಾಸರಾದವರು ಪೋರ್ಟ್ ಮಾಡಸ್ತಾರಲ್ಲ?

ಟವರ್: ಮಾಡಸ್ತಾರ. 2011ರ ಜನವರಿಯಿಂದ ನಂಬರ್ ಅದ ಇಟಗೊಂಡು ಕಂಪನಿ ಬದಲಿ ಮಾಡೂ ಸೌಲತ್ತು ದೇಶದ ತುಂಬ ಐತಿ. 1900ಕ್ಕ ಮೆಸೇಜ್ ಹಾಕಿ, ಆಧಾರ್ ಕೊಟ್ಟು, ಹೆಬ್ಬಟ್ಟು ಒತ್ತಿ, ಕಾದು ಕುಂತು, ಸಂಭ್ರಮದಿಂದ ನನ್ನ ಎಡಗಡೆ ಭುಜದಿಂದ ಬಲಗಡೆ ಭುಜಕ್ಕ ಬರ್ತಾರ. ವೈರ್ ಅದ, ಬ್ಯಾಟ್ರಿ ಅದ. 2024ರ ಜುಲೈದಾಗ ಖಾಸಗಿಯವರು ರೇಟ್ ಏರಿಸಿದಾಗ ಬಿಎಸ್‌ಎನ್‌ಎಲ್‌ಗೆ ಓಡಿದವರೂ ಭಾಳ ಮಂದಿ. ಅವರ 4ಜಿ ದೇಶಕ್ಕೆಲ್ಲಾ ಉದ್ಘಾಟನಿ ಆಗಿದ್ದು 2025ರ ಸಪ್ಟೆಂಬರ್ 27ಕ್ಕ. ನಡುವಿನ ವರ್ಷ ಮೀರಿದ ಟೈಮಿನ್ಯಾಗ ಅವರು ಏನ ಮಾಡಿದ್ರು ಅಂತ ಕೇಳಬ್ಯಾಡ್ರಿ. ಮಾತಾಡಿದ್ರು. ಫೋನಿನ್ಯಾಗ ಮಾತಾಡೂದು ಮರತೇ ಹೋಗಿತ್ತು, ರೂಢಿ ಆತು.

(ಅಷ್ಟರಲ್ಲಿ ಕರೆಂಟ್ ಹೋಯಿತು. ಬುಡದ ಪೆಟ್ಟಿಗೆಯ ಫ್ಯಾನ್ ನಿಂತು, ಬ್ಯಾಟರಿ ‘ಟಕ್’ ಎಂದಿತು. ಟವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿತು.)

ಟವರ್: ನೋಡಿದ್ರಿ? ಇದ ಜಿಲ್ಲಾದಾಗ ಕೂಡಗಿ ಐತಿ, 2,400 ಮೆಗಾವ್ಯಾಟ್ ತಯಾರು ಮಾಡೂ ಸ್ಥಾವರ. ದೇಶಕ್ಕ ಬೆಳಕು ಕಳಸೂ ಜಿಲ್ಲಾ ನಮ್ಮದು, ನಾ ಇಲ್ಲಿ ಬ್ಯಾಟ್ರಿ ಮ್ಯಾಲ. ಬ್ಯಾಟ್ರಿ ಮುಗದ್ರ ಡೀಸೆಲ್, ಡೀಸೆಲ್ ಯಾರರ ಕದ್ದಿದ್ರ ದೇವರು. ಕರೆಂಟ್ ಹೋದಾಗನ ಎಲ್ಲಾರೂ ಫೋನ್ ಹಚ್ಚತಾರ, ಕರೆಂಟ್ ಯಾವಾಗ ಬರ್ತೈತಿ ಅಂತ ಕೇಳಾಕ.

ಪ್ರಶ್ನೆ: ಸಿಟಿಯೊಳಗಿನ ನಿಮ್ಮ ಬಂಧುಗಳು ಹೆಂಗದಾರ?

ಟವರ್: ಅವರದು ಬ್ಯಾರೆ ಫಜೀತಿ. ಮಂದಿ ಮಾಳಗಿ ಮ್ಯಾಲ ಬಾಡಗಿಗೆ ಅದಾರ. ವಿಜಯಪುರದಾಗ ಆದಿಲಶಾಹಿಗಳು ಓಣಿಗೊಂದು ಗುಮ್ಮಟ, ಮೂಲಿಗೊಂದು ಮಸೂತಿ ಕಟ್ಟಿಟ್ಟು ಹೋಗ್ಯಾರ. 2010ರ ಕಾಯ್ದೆ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನ್ಯಾಗ ಹೊಸಾದೇನೂ ಕಟ್ಟಂಗಿಲ್ಲ, ಮುಂದಿನ 200 ಮೀಟರಿಗೆ ಪರವಾನಗಿ ಬೇಕು. ಆ ಊರಾಗ ಹಂಗ ಗೆರಿ ಎಳಕೋತ ಹೋದ್ರ ನಾವು ನಿಲ್ಲೂದಾರ ಎಲ್ಲಿ? ಕಾಯ್ದೆ ಸರಿ ಐತ್ರಿ, ಗೋಳಗುಮ್ಮಟದ ಬಾಜೂ ನನ್ನಂಥವ ನಿಂತ್ರ ನೋಡಾಕ ಅಸಹ್ಯ. 1656ರಾಗ ಮುಗದ ಕಟ್ಟಡ ಅದು. ಒಂದು ತುದ್ಯಾಗ ಪಿಸುಗುಟ್ಟಿದ್ರ ಎದುರಿನ ಗ್ವಾಡಿಗೆ ಕಿವಿ ಹಚ್ಚಿದವಗ ಇವತ್ತಿಗೂ ಕೇಳತೈತಿ. ಕೆವೈಸಿ ಇಲ್ಲ, ವ್ಯಾಲಿಡಿಟಿ ಇಲ್ಲ. ಬರೇ ಪ್ರೈವಸಿ ಇಲ್ಲ, ಅದು ನಿಮ್ಮ ಫೋನಿನ್ಯಾಗೂ ಇಲ್ಲ ಬಿಡ್ರಿ.

ಪ್ರಶ್ನೆ: ನಿಮ್ಮ ಬಗ್ಗೆ ಹೆದರಿಕಿನೂ ಐತಿ, ಆಸೆನೂ ಐತಿ ಅಂತಾರ.

ಟವರ್: ರೇಡಿಯೇಶನ್ ಹೆದರಿಕಿ ತಾನ? ನಮ್ಮ ದೇಶದಾಗ 2012ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ನನ್ನ ಕಟ್ಟಿಹಾಕ್ಯಾರ. ಒಂದ ಓಣಿಯವರು ಟವರ್ ಬ್ಯಾಡ ಅಂತ ಅರ್ಜಿ ಕೊಡ್ತಾರ, ಅದ ಓಣಿಯವರು ನೆಟ್‌ವರ್ಕ್ ಇಲ್ಲ ಅಂತ ಅರ್ಜಿ ಕೊಡ್ತಾರ, ಎರಡರ ಮ್ಯಾಲೂ ಸಹಿ ಅವ. ಇನ್ನ ಆಸೆ. ‘ನಿಮ್ಮ ಹೊಲದಾಗ ಟವರ್ ಹಾಕ್ತೀವಿ, ತಿಂಗಳಾ ಸಾವಿರಗಟ್ಟಲೆ ಬಾಡಗಿ, ಮೊದಲ ಇಷ್ಟು ಫೀ ಕಟ್ರಿ’ ಅಂತ ಕಳ್ಳರು ಫೋನ್ ಮಾಡ್ತಾರ. ಹಂಗ ಫೀ ಕೇಳೂದಿಲ್ಲ ಅಂತ ಟ್ರಾಯ್‌ನವರು ಎಷ್ಟ ಸಲ ಹೇಳ್ಯಾರ. ಮಜಾ ಏನಂದ್ರ, ಆ ಕಳ್ಳರ ಕಾಲ್ ಎಂದೂ ಕಟ್ ಆಗಂಗಿಲ್ಲ.

ಪ್ರಶ್ನೆ: ನಿಮಗ ಖರೇ ಕೆಟ್ಟ ಅನ್ಸೂದು ಯಾವಾಗ?

ಟವರ್: ತಿಂಗಳಾ ರೇಶನ್ ದಿನ. ಮಿಷನ್ನಿನ್ಯಾಗ ಹೆಬ್ಬಟ್ಟು ಒತ್ತಬೇಕು. ರೊಟ್ಟಿ ಬಡದು, ಕಳೆ ತಗದು ಸವದ ಬಟ್ಟು, ಅದು ಮೂಡೂದ ಕಷ್ಟ. ಮೂಡಿದ್ರ ‘ಸರ್ವರ್ ಇಲ್ಲ’. ಸರ್ವರ್ ಎಲ್ಲೈತೋ ನನಗೂ ಗೊತ್ತಿಲ್ಲ, ಆದ್ರ ಪಾಳ್ಯಾಗ ನಿಂತ ಅಷ್ಟೂ ಹೆಣಮಕ್ಕಳು ಹೊಳ್ಳಿ ನನ್ನ ನೋಡ್ತಾರ. ಉದ್ಯೋಗ ಖಾತ್ರಿ ಕೆಲಸಕ್ಕೂ 2023ರ ಜನವರಿ 1ರಿಂದ ದಿನಕ್ಕ ಎರಡು ಸಲ ಫೋಟೋ ಹಾಜರಿ ಕಡ್ಡಾಯ ಮಾಡಿದ್ರು. ಬಿಸಲಾಗ ಮಣ್ಣು ಹೊತ್ತಿದ್ದು ಊರೆಲ್ಲಾ ನೋಡೇತಿ, ಫೋಟೋ ಏರಲಿಲ್ಲಂದ್ರ ಹಾಜರಿಗೆ ತಕರಾರು. 2017ರ ಬಜೆಟ್ಟಿನ್ಯಾಗ ತಿಕೋಟಾ, ಬಬಲೇಶ್ವರ ತಾಲ್ಲೂಕು ಆದ್ವು. ಎಲ್ಲಾರೂ ಖುಷಿಪಟ್ರು, ವಿಜಯಪುರಕ್ಕ ಎಡತಾಕೂದು ತಪ್ಪತು ಅಂತ. ಆಫೀಸು ಹತ್ತರ ಬಂದ್ವು, ಆಫೀಸಿನ ಒಳಗಿನ ಕೆಲಸ ಎಲ್ಲಾ ಆನ್‌ಲೈನಿಗೆ ಹೋದ್ವು. ಮಂದಿ ಫೋನ್ ತಗೊಂಡಿದ್ದು ಮಾತಾಡಾಕ್ರಿ. ಕಾಳು, ಕೂಲಿ, ಪಿಂಚಣಿ ಇವಕ್ಕೂ ರೇಂಜ್ ಬೇಕು ಅಂತ ಮಾಡಿದವರು ನಾ ಇದೀನೋ ಇಲ್ಲೋ ಅಂತ ಮೊದಲ ನೋಡಬೇಕಿತ್ತಲ್ಲ? ಕಾಲ್ ಕಟ್ ಆದ್ರ ಕಂಪನಿ ಗಿರಾಕಿಗೆ ಒಂದು ರೂಪಾಯಿನೂ ಕೊಡಬೇಕಿಲ್ಲ. ಸಿಗ್ನಲ್ ಕಟ್ ಆದ್ರ ಆಯಿಗೆ ಒಂದು ದಿನದ ಕೂಲಿ ದಂಡ.

(ಕರೆಂಟ್ ಬಂತು. ಫ್ಯಾನ್ ಗರ್ರ್ ಎಂದಿತು.)

ಪ್ರಶ್ನೆ: ಭಾಳ ಹೊತ್ತು ತಗೊಂಡ್ವಿ. ನಮ್ಮ ಮನೀ ಕಾಲ್ ಕಟ್ ಆಗೂ ವಿಷಯ ಕಡೀಕ ಹೇಳ್ತೀನಿ ಅಂದಿದ್ರಿ.

ಟವರ್: ಹೌದಲ್ಲ. ನಿಮ್ಮದು ಯಾವ ಸಿಮ್ಮು?

(ಹೇಳಿದೆವು.)

ಟವರ್: ಅದು ನನ್ನ ಮ್ಯಾಲ ಇಲ್ರಿ ಸರ. ಬಬಲೇಶ್ವರ ಕಡೆ ನಮ್ಮ ತಮ್ಮ ಒಬ್ಬ ನಿಂತಾನ, ಅವನ ಮ್ಯಾಲ ಐತಿ. ಇಷ್ಟೊತ್ತು ನನಗ ಕೇಳಿದ್ದನ್ನೆಲ್ಲಾ ಮೊದಲಿಂದ ಅವಗ ಕೇಳ್ರಿ. ಹೋಗೂ ಮುಂದ ಒಂದು ಫೋನ್ ಮಾಡಿ ಹೋಗ್ರಿ, ಹತ್ತಿದ್ರ.